ಶನಿಗ್ರಹದ ಬಸ್ಸು, ಪುಟ ಹದಿನಾಲ್ಕು

ಮಕ್ಕಳಿಗಾಗಿ ನಾನು ಬರೆದ ಕತೆಗಳೆಲ್ಲ ಕಂಪನಿಯ ಬಸ್ಸಿನಲ್ಲಿ ಹುಟ್ಟಿದವು. ಬೆಳಿಗ್ಗೆ ಏಳಕ್ಕೆ ಸುಲ್ತಾನ್ ಬಜಾರಿನ ಮೂಲೆಯಲ್ಲಿ ಹತ್ತಿದರೆ ಜೀಡಿಮೆಟ್ಲಾದ ಕಾರ್ಖಾನೆ ಮುಟ್ಟುವ ಹೊತ್ತಿಗೆ ಎಂಟೂಕಾಲು. ಸಂಜೆ ಅದೇ ದಾರಿ, ಇನ್ನೂ ನಿಧಾನ. ನಿದ್ದೆ ಮಾಡಿದರೆ ಕತ್ತು ಹಿಡಿಯುತ್ತಿತ್ತು, ಕಿಟಕಿ ತೆಗೆದರೆ ಹೊಗೆ ಬರುತ್ತಿತ್ತು, ಪಕ್ಕದವರ ಜೊತೆ ಮಾತಿಗಿಳಿದರೆ ಅವರ ಅತ್ತೆಯ ಪುರಾಣ ಕೇಳಬೇಕಾಗುತ್ತಿತ್ತು. ಹಾಗಾಗಿ ರಟ್ಟಿನ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೆ. ‘ಅಷ್ಟು ನಗು ಎಲ್ಲಿಂದ ತರ್ತೀರಿ?’ ಎಂದು ಈಗಲೂ ಕೆಲವರು ಕೇಳುತ್ತಾರೆ. ಎಲ್ಲಿಂದಲೂ ತಂದದ್ದಲ್ಲ. ದಣಿದ ತಲೆಗೆ ಎಲ್ಲವೂ ಸ್ವಲ್ಪ ವಾರೆಯಾಗಿ ಕಾಣುತ್ತದೆ. ಕಂಡಂತೆ ಬರೆದೆ, ಅಷ್ಟೆ.

ಆ ಕಾರ್ಖಾನೆಯಲ್ಲಿ ಮಾತ್ರೆ ಮಾಡುತ್ತಿದ್ದರು. ನಾನು ಅಲ್ಲಿನ ಪ್ರಯೋಗಾಲಯದಲ್ಲಿ ಕೆಮಿಸ್ಟು. ಲಿಂಗಸುಗೂರು ಕಡೆಯಿಂದ ಈ ತೆಲುಗು ನಗರಕ್ಕೆ ಬಂದ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನೇ. ಹಗಲು ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ, ಸಂಜೆ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದೆ. ಕೊನೆಯ ವರ್ಷ ಭೌತಶಾಸ್ತ್ರ ಉಳಿಯಿತು. ಮತ್ತೆ ಕಟ್ಟಿ ಪಾಸಾದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಎರಡು ಸಲ ಬರೆದದ್ದು ನಾನೇ, ಬೇರೆ ಯಾರೂ ಅಲ್ಲ.

ಅಪ್ಪ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಹಮಾಲಿ. ಮೂವತ್ತು ವರ್ಷ ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತವನು. ಓದು ಬರಹ ಇಲ್ಲ. ಆದರೆ ಲಾರಿಯಿಂದ ಎಷ್ಟು ಗಂಟು ಇಳಿದವು, ಎಷ್ಟು ಮಾಳಿಗೆಗೆ ಹೋದವು, ಎಷ್ಟು ಹರಿದವು ಎಂಬುದು ವಾರ ಕಳೆದರೂ ಅವನ ಬಾಯಲ್ಲಿರುತ್ತಿತ್ತು. ಅಂಗಡಿಯ ಸೇಠ್‌ಗಳು ತಮ್ಮ ಪುಸ್ತಕ ಬಿಟ್ಟು ಅವನನ್ನು ಕೇಳುತ್ತಿದ್ದರು. ಕೇಳಿ ತಿಳಿದುಕೊಂಡ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಆ ಹೆಬ್ಬೆಟ್ಟನ್ನು ಅಪ್ಪ ಗೋಡೆಗೆ ಒರೆಸುತ್ತಿದ್ದ ರೀತಿ ನನಗೆ ಗೊತ್ತು.

ನಮ್ಮ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಒಂದು ಸಲಕ್ಕೆ ತಯಾರಾದ ಮಾತ್ರೆಗಳಿಗೆ ಒಂದು ಬ್ಯಾಚ್ ಎಂದು ಹೆಸರು. ಪ್ರತಿ ಬ್ಯಾಚಿಗೂ ಒಂದು ಫೈಲು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಧಿಕಾರವಿರುವ ಒಬ್ಬ ಕೆಮಿಸ್ಟು ಆ ಫೈಲಿಗೆ ಸಹಿ ಹಾಕಬೇಕು. ಆ ಸಹಿ ಬೀಳದೆ ಒಂದು ಮಾತ್ರೆಯೂ ಗೇಟು ದಾಟುವಂತಿಲ್ಲ. ಇದನ್ನು ಒಂದು ದಿನ ಅಪ್ಪನಿಗೆ ಹೇಳಿ ಕೆಟ್ಟೆ. ಅಂದಿನಿಂದ ಪ್ರತಿ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅವನ ಪ್ರಶ್ನೆ ತಯಾರಿರುತ್ತಿತ್ತು.

‘ಯವ್ವಾ, ಇವತ್ತು ಯಾವುದಕ್ಕ ಸಹಿ ಮಾಡಿದಿ?’

‘ಹತ್ತು ಕಾಗದಕ್ಕ ಮಾಡೀನಪ್ಪ.’

‘ಅವು ಸಣ್ಣ ಸಹಿ. ದೊಡ್ಡದು?’

‘ಇನ್ನಾ ಕೊಟ್ಟಿಲ್ಲ.’

‘ಕೊಡ್ತಾರ. ಕೊಡಲಾರದ ಎಲ್ಲಿಗಿ ಹೋಗ್ತಾರ’ ಎಂದು ಅವನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಗಂಟು ಹೊತ್ತು ಹೊತ್ತು ಅವನ ಉಸಿರು ಆಗಲೇ ಗೊರಗೊರ ಅನ್ನುತ್ತಿತ್ತು. ದೊಡ್ಡ ಸಹಿ ನನಗೆ ಬೇಕಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ನನಗಿಂತ ಅವನಿಗೆ ಹೆಚ್ಚು ಬೇಕಾಗಿತ್ತು. ಆ ವರ್ಷ ಪರದೇಶದ ಖರೀದಿದಾರರ ಕಡೆಯಿಂದ ತಪಾಸಣೆಯವರು ಬರುವುದಿತ್ತು. ಅವರು ಬಂದು ಹೋದ ಮೇಲೆ ಸಹಿಯ ಅಧಿಕಾರ ನನಗೇ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಬಾಯಿಬಿಟ್ಟು ಹೇಳಿದ್ದರು.

ಭಾನುವಾರ ನನಗೆ ಇನ್ನೊಂದು ಕೆಲಸವಿತ್ತು. ನಮ್ಮ ಕಡೆಯ ಮನೆಗಳ ಮಕ್ಕಳಿಗೆ ಕನ್ನಡ ಕಲಿಸಲು ನಿವೃತ್ತ ಮಾಸ್ತರರೊಬ್ಬರು ಒಂದು ಕೋಣೆಯಲ್ಲಿ ತರಗತಿ ನಡೆಸುತ್ತಿದ್ದರು. ಹತ್ತು ಹನ್ನೆರಡು ವಯಸ್ಸಿನ ಹದಿನಾರು ಮಕ್ಕಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಆಟದಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಭಾನುವಾರವೂ ಪಾಟಿಚೀಲ ಹೊರಬೇಕಾಯಿತಲ್ಲ ಎಂದು ಅವುಗಳ ಮುಖ ಸದಾ ಬಾಡಿರುತ್ತಿತ್ತು.

‘ನೀವು ಸೈನ್ಸ್ ಓದಿದವ್ರು. ಗ್ರಹ, ನಕ್ಷತ್ರ, ರಾಕೆಟ್ಟು ಏನರ ಬರೀರಿ. ರಾಜಾ ರಾಣಿ ಕತಿ ಹೇಳಿದ್ರ ಇವು ನನ್ನ ಕಡೆ ನೋಡಾಂಗಿಲ್ಲ’ ಎಂದರು ಮಾಸ್ತರರು.

ನಾನು ಬರೆದೆ. ಡಿಗ್ರಿ ಮಾಡಿದವಳು, ತಪ್ಪು ಬರೆಯಬಾರದು ಎಂದು ಗ್ರಂಥಾಲಯಕ್ಕೆ ಹೋಗಿ ಶನಿಗ್ರಹದ ದೂರ, ತೂಕ, ಉಷ್ಣಾಂಶ ಎಲ್ಲ ತಂದು ಮೊದಲ ಅಧ್ಯಾಯಕ್ಕೆ ತುಂಬಿದೆ. ಓದಿ ಮುಗಿಸಿದೆ. ಎರಡು ಜಡೆಯ ಒಬ್ಬ ಹುಡುಗಿ, ಮಾತಿನಲ್ಲಿ ಎಲ್ಲರಿಗಿಂತ ಮುಂದು, ಕೈ ಎತ್ತಿದಳು.

‘ಅಕ್ಕೋರ, ಇದರ ಮ್ಯಾಲೆ ಪ್ರಶ್ನಿ ಕೇಳ್ತೀರೇನ್ರಿ?’

‘ಇಲ್ಲವ್ವಾ, ಇದು ಕತಿ.’

‘ಕತಿ ಅಂತ ಮೊದಲ ಹೇಳಬಾರದೇನ್ರಿ. ನಾ ಬಾಯಿಪಾಠ ಮಾಡಾಕತ್ತಿದ್ನಿ.’

ಮರುದಿನ ಬಸ್ಸಿನಲ್ಲಿ ಕೂತಾಗ ಸಿಟ್ಟು, ನಾಚಿಕೆ, ದಣಿವು ಎಲ್ಲ ಸೇರಿ ತಲೆ ಭಾರವಾಗಿತ್ತು. ಎದುರಿಗೆ ಹರಿದ ರೆಕ್ಸಿನ್ ಸೀಟು, ಡ್ರೈವರನ ತಲೆಯ ಮೇಲೆ ಒಣಗಿದ ಹೂಮಾಲೆ. ಈ ಬಸ್ಸೇ ಶನಿಗ್ರಹಕ್ಕೆ ಹೋದರೆ? ಬರೆಯತೊಡಗಿದೆ. ಧೂಮಕೇತು ಅಡ್ಡ ಬಂದು ಕೈ ತೋರಿಸಿದರೆ ನಮ್ಮ ಡ್ರೈವರ್ ‘ಕಂಪನಿ ಬಸ್, ಕಂಪನಿ ಬಸ್’ ಎಂದು ಕೂಗಿ ನಿಲ್ಲಿಸದೆ ಹೋಗುತ್ತಾನೆ. ಕ್ಯಾಪ್ಟನ್ ಒಬ್ಬ ಮುದುಕಿ; ಸೊಂಟದಲ್ಲಿ ಎಲೆ ಅಡಿಕೆ ಸಂಚಿ, ನಡಿಗೆಯೆಲ್ಲ ನಮ್ಮ ಅವ್ವನದು. ಬಸ್ಸು ಬೆಂಕಿ ಹತ್ತಿ ಉರಿಯದಿರಲೆಂದು ಹೊರಗಿನ ತಗಡಿಗೆ ಖಡಕ್ ರೊಟ್ಟಿ ಬಡಿದಿದ್ದಾಳೆ, ಏಕೆಂದರೆ ಅದಕ್ಕಿಂತ ಗಟ್ಟಿಯಾದ ವಸ್ತು ಭೂಮಿಯ ಮೇಲೆ ಸಿಕ್ಕಿಲ್ಲ. ಶನಿಗ್ರಹದಿಂದ ಟಿಕೆಟ್ ತಪಾಸಣೆಗೆ ಬಂದ ಮೂರು ಹೊಟ್ಟೆಯ ಪ್ರಾಣಿಯೊಂದು ಆ ರೊಟ್ಟಿಯನ್ನು ಒಂದೊಂದಾಗಿ ಕಿತ್ತು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತದೆ.

ಭಾನುವಾರ ಓದಿದೆ. ಒಂದು ಮಗು ಬೆಂಚಿನಿಂದ ಜಾರಿ ಕೆಳಗೆ ಬಿದ್ದು, ಬಿದ್ದಲ್ಲೇ ನಗುತ್ತಿತ್ತು. ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಖುಷಿಯಾಯಿತು, ಒಳಗೊಳಗೇ ಸಂಕಟವೂ ಆಯಿತು. ಇಷ್ಟು ಕಷ್ಟಪಟ್ಟು ಓದಿದ್ದು ರೊಟ್ಟಿ ಹಾರಿಸುವುದಕ್ಕೋ? ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ.

ಪ್ರಯೋಗಾಲಯದಲ್ಲಿ ಬರೆಯುವುದಕ್ಕೂ ಒಂದು ಶಿಸ್ತಿದೆ. ಬರೆದದ್ದನ್ನು ಅಳಿಸಬಾರದು. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಮತ್ತು ತಾರೀಕು ಹಾಕಬೇಕು. ಹಾಳೆಯಲ್ಲಿ ಖಾಲಿ ಜಾಗ ಉಳಿದರೆ ಓರೆ ಗೆರೆ ಎಳೆದು ಅಲ್ಲೂ ಸಹಿ. ಯಾವ ಹಾಳೆಯನ್ನೂ ಹರಿಯಬಾರದು. ಅಂಗೈಯಗಲದ ಚೀಟಿಯ ಮೇಲೆ ತೂಕ ಗೀಚಿದ್ದರೂ ಅದನ್ನು ಫೈಲಿಗೆ ಸೇರಿಸಬೇಕು. ಈ ನಿಯಮಗಳನ್ನು ಹೊಸಬರಿಗೆ ಕಲಿಸುತ್ತಿದ್ದವಳು ನಾನೇ, ಕಲಿಸುವುದರಲ್ಲಿ ನನ್ನಷ್ಟು ಕಟ್ಟುನಿಟ್ಟು ಇನ್ಯಾರೂ ಇರಲಿಲ್ಲ. ಕೈಗೆ ಹತ್ತಿದ ಚಟ ಮನೆಗೂ ಬಂತು. ಶನಿಗ್ರಹದ ಕತೆಯ ಪ್ರತಿ ಹಾಳೆಯ ತಲೆಯಲ್ಲಿ ತಾರೀಕು, ತಪ್ಪಾದಲ್ಲಿ ಒಂದೇ ಗೆರೆ, ಬುಡದಲ್ಲಿ ಸಣ್ಣ ಸಹಿ. ಅವ್ವನ ಕಿರಾಣಿ ಚೀಟಿಗೂ ಹಾಗೇ ಮಾಡುತ್ತಿದ್ದೆ. ‘ಸಾಸಿವಿಗೂ ಸಹಿ ಹಾಕ್ತಾಳ ನನ್ನ ಮಗಳು’ ಎಂದು ಅವ್ವ ನೆರೆಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ತಪಾಸಣೆಗೆ ಎರಡು ವಾರವಿದ್ದಾಗ ಕೆಲಸ ಮೈಮೇಲೆ ಬಿತ್ತು. ಒಂದು ಮಧ್ಯಾಹ್ನ ಮೂರು ಬ್ಯಾಚಿನ ಹಾಳೆಗಳು ನನ್ನ ಮೇಜಿನ ಮೇಲೆ ಹರಡಿದ್ದವು, ನಡುವೆ ಕತೆಯ ಹಾಳೆ ಸಿಕ್ಕಿಸಿದ್ದ ನನ್ನ ಪ್ಯಾಡೂ ಇತ್ತು. ಹಾಳೆಗಳನ್ನೆಲ್ಲ ಬಾಚಿಕೊಂಡು ಕಡತದ ಕೋಣೆಗೆ ಕಳಿಸಿದೆ.

ತಪಾಸಣೆಯ ಹಿಂದಿನ ದಿನ ಬೆಳಿಗ್ಗೆ, ಫೈಲುಗಳನ್ನು ಕೊನೆಯ ಸಲ ತಿರುವಿ ನೋಡಲು ನಾನೇ ಆ ಕೋಣೆಗೆ ಹೋದೆ. ಎರಡನೇ ಫೈಲಿನಲ್ಲಿ ಹದಿಮೂರನೇ ಪುಟ ತಿರುವಿದೆ. ಹದಿನಾಲ್ಕರಲ್ಲಿ ನನ್ನದೇ ಕೈಬರಹ, ಕನ್ನಡದಲ್ಲಿ: ‘ಕ್ಯಾಪ್ಟನ್ ಅಜ್ಜಿ ರೊಟ್ಟಿಗಳ ಪಟ್ಟಿ ಹಾಕಿದಳು. ಬಡಿದದ್ದು 37. ಒಡೆದದ್ದು 4. ಮೂರು ಹೊಟ್ಟೆಯವನು ತಿಂದದ್ದು 9.’ ಮೇಲೆ ತಾರೀಕು, ಕೆಳಗೆ ಸಣ್ಣ ಸಹಿ. ಮೂಲೆಯಲ್ಲಿ ಕೆಂಪು ಶಾಯಿಯ ಮೊಹರು: 32ರಲ್ಲಿ 14.

ಕಡತದ ಗುಮಾಸ್ತರು ಐವತ್ತು ದಾಟಿದ ತೆಲುಗಿನವರು, ಶಾಂತ ಮನುಷ್ಯ. ತೋರಿಸಿದೆ.

‘ಮೀರೇ ಚೆಪ್ಪಾರು ಕದಾ ಮೇಡಂ’ ಎಂದರು. ನೀವೇ ಹೇಳಿದ್ದಲ್ಲವೇ, ಗೀಚಿದ ಚೀಟಿಯನ್ನೂ ಬಿಡಬೇಡಿ ಅಂತ. ಅಂಕಿ ಇತ್ತು, ತಾರೀಕಿತ್ತು, ಸಹಿ ಇತ್ತು. ನಿಮ್ಮ ಭಾಷೆಯಲ್ಲಿ ಬರೆದುಕೊಂಡ ತೂಕ ಅಂದುಕೊಂಡು ಮೊಹರು ಒತ್ತಿದೆ ಎಂದರು. ಅವರದು ಒಂದಿಷ್ಟೂ ತಪ್ಪಿರಲಿಲ್ಲ.

ನಾನು ಆ ಪುಟವನ್ನೇ ಮತ್ತೆ ಮತ್ತೆ ತಿರುವುತ್ತಿದ್ದದ್ದು ನೋಡಿ ಅವರಿಗೇ ಕನಿಕರ ಬಂತು. ಡ್ರಾಯರಿನಿಂದ ಮೊಹರು ತೆಗೆದು ಮೇಜಿನ ಮೇಲಿಟ್ಟರು. ‘ತೀಸೇದ್ದಾಂ ಮೇಡಂ. ಎವರು ಚೂಸ್ತಾರು?’ ತೆಗೆದುಬಿಡೋಣ, ಯಾರು ನೋಡ್ತಾರೆ. ಉಳಿದ ಮೂವತ್ತೊಂದು ಪುಟದ ನಂಬರು ತಿದ್ದಿದರಾಯಿತು, ಹತ್ತು ನಿಮಿಷದ ಕೆಲಸ ಎಂದರು.

ಅವರು ಹೇಳಿದ್ದು ನಿಜ. ಕೋಣೆಯಲ್ಲಿ ನಾವಿಬ್ಬರೇ. ಹಾಳೆ ಎಳೆದರೆ ಮುಗಿಯಿತು, ದೊಡ್ಡ ಸಹಿ ನನ್ನದು. ನನ್ನ ಬೆರಳು ಹಾಳೆಯ ಅಂಚಿನ ಮೇಲಿತ್ತು, ಎಳೆಯಲು ಶುರುಮಾಡಿದ್ದೆ ಕೂಡ. ದಾರದ ಬಳಿ ಕೂದಲೆಳೆಯಷ್ಟು ಹರಿದ ಗುರುತು ನನ್ನದೇ. ಹಿಂದಿನ ತಿಂಗಳು ಇದೇ ಮೇಜಿನ ಎದುರು ನಾನೊಬ್ಬ ಹುಡುಗಿಯನ್ನು ಅಳುವಂತೆ ಮಾಡಿದ್ದೆ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು ಅವಳಿಗೆ. ತಪ್ಪು ತೂಕ ಬರೆದ ಹಾಳೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದ್ದಳು. ಆ ಚೂರುಗಳನ್ನು ಆರಿಸಿ, ಅಂಟಿಸಿ, ‘ನಾನು ಹರಿದೆ’ ಎಂದು ಅವಳ ಕೈಯಲ್ಲಿ ಬರೆಸಿ ಸಹಿ ಮಾಡಿಸಿಕೊಂಡಿದ್ದೆ. ಅವಳೂ ಅವಳ ಮನೆಯಲ್ಲಿ ಮೊದಲ ಬಾರಿಗೆ ಓದಿದವಳು. ಅದು ಗೊತ್ತಿದ್ದೂ ಬಿಟ್ಟಿರಲಿಲ್ಲ.

ಬೆರಳು ತೆಗೆದೆ. ಫೈಲು ಎತ್ತಿಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ.

ಅವರೂ ತೆಲುಗಿನವರು, ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ನಮ್ಮ ಮಾತೆಲ್ಲ ತೆಲುಗಿನಲ್ಲೇ ನಡೆದದ್ದು, ಕನ್ನಡದಲ್ಲಿ ಹೇಳುತ್ತೇನೆ. ನಡೆದದ್ದನ್ನು ಕೇಳಿ ಅವರು ಪುಟವನ್ನು ತುಂಬಾ ಹೊತ್ತು ನೋಡಿದರು.

‘ಈ ಮೂವತ್ತೇಳು ಏನು?’

‘ರೊಟ್ಟಿ ಸಾರ್.’

‘ಕಿಲೋನೋ ಗ್ರಾಮೋ?’

‘ಬಿಡಿ ರೊಟ್ಟಿ ಸಾರ್. ಮೂವತ್ತೇಳು ರೊಟ್ಟಿ.’

‘ನಾಲ್ಕು ಒಡೆದಿವೆ.’

‘ಹೌದು ಸಾರ್.’

‘ಉಳಿದದ್ದೆಷ್ಟು ಅಂತ ಬರೆದಿಲ್ಲ. ಇದು ನಮ್ಮ ಪಟ್ಟಿಯಾಗಿದ್ದರೆ ವಾಪಸ್ ಕಳಿಸ್ತಿದ್ದೆ.’

‘ಅದು ಮುಂದಿನ ಪುಟದಲ್ಲಿ ಬರಬೇಕು ಸಾರ್. ಇನ್ನೂ ಬರೆದಿಲ್ಲ.’

‘ಬರೆದರೂ ಇಲ್ಲಿಗೆ ತರಬೇಡಿ’ ಎಂದರು. ನಗಲಿಲ್ಲ. ನಗುವಷ್ಟು ಶಕ್ತಿ ಅವರಲ್ಲಿರಲಿಲ್ಲ.

ಹಾಳೆ ಫೈಲಿನಲ್ಲೇ ಉಳಿಯಬೇಕು ಎಂದರು. ಹೊರಗಿನ ಹಾಳೆ ಒಳಗೆ ಬಂದದ್ದು ಹೇಗೆ ಎಂದು ನಾನು ಬರೆದು ಸಹಿ ಮಾಡಬೇಕು. ಪರದೇಶದವರು ಓದಲಾಗದ ಒಂದಕ್ಷರವೂ ಫೈಲಿನಲ್ಲಿ ಇರುವಂತಿಲ್ಲ, ಆದ್ದರಿಂದ ಇಡೀ ಪುಟದ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕು. ನನ್ನ ಮೇಜಿಗೆ ಬಂದು ಕೂತೆ. ಬಿಳಿ ಕೋಟು ಹಾಕಿಕೊಂಡು, ತಲೆಗೆ ಟೋಪಿ ಇಟ್ಟುಕೊಂಡು, ಮೂರು ಹೊಟ್ಟೆಯ ಪ್ರಾಣಿ ಶೇಂಗಾ ಚಟ್ನಿ ಕೇಳಿದ್ದನ್ನು ಇಂಗ್ಲಿಷಿಗೆ ಇಳಿಸಿದೆ. ಖಡಕ್ ರೊಟ್ಟಿಗೆ ಏನೆಂದು ಬರೆಯಬೇಕೋ ತಿಳಿಯದೆ ಅರ್ಧ ಗಂಟೆ ಹೋಯಿತು. ಕೆಳಗೆ ‘ಇದು ಮೂಲಕ್ಕೆ ನಿಷ್ಠವಾದ ಅನುವಾದ’ ಎಂದು ಬರೆದು ಸಹಿ ಮಾಡಿದೆ. ಅಳು ಬರುತ್ತದೇನೋ ಅಂದುಕೊಂಡಿದ್ದೆ, ಬರಲಿಲ್ಲ. ಆಕಳಿಕೆ ಬಂತು.

ತಪಾಸಣೆಯವರು ಎರಡು ದಿನ ಇದ್ದರು. ನೀರಿನ ಕೊಳವೆ ನೋಡಿದರು, ಇಲಿ ಬೋನು ಎಣಿಸಿದರು, ಬೇರೆ ಹನ್ನೊಂದು ಫೈಲು ತರಿಸಿಕೊಂಡರು. ನನ್ನ ಫೈಲನ್ನು ಮುಟ್ಟಲಿಲ್ಲ. ಆದರೆ ನನ್ನ ಕೈಬರಹದ ವರದಿ ಇತ್ತಲ್ಲ, ಅದು ಇದ್ದೇ ಇತ್ತು. ‘ಈ ಸಲ ನಿಮ್ಮ ಹೆಸರು ಮೇಲೆ ಕಳಿಸಲಿಕ್ಕಾಗೋದಿಲ್ಲ’ ಎಂದರು ಮುಖ್ಯಸ್ಥರು. ಅಧಿಕಾರ ನನಗಿಂತ ಎರಡು ವರ್ಷ ಚಿಕ್ಕವನಿಗೆ ಹೋಯಿತು. ಅವನೂ ಒಳ್ಳೆಯವನೇ, ಹೆಚ್ಚೇನು ಹೇಳಲಿ.

ಆ ಸಂಜೆ ಬಸ್ಸಿನಲ್ಲಿ ಬರೆಯಲಿಲ್ಲ. ಮನೆಯಲ್ಲಿ ಅಪ್ಪ ಎಂದಿನಂತೆ ಕೇಳಿದ. ಎಲ್ಲ ಹೇಳಿದೆ. ಕತೆ ಬರೆಯುತ್ತಿದ್ದದ್ದು, ಹಾಳೆ ಸೇರಿದ್ದು, ತೆಗೆಯದೆ ಬಿಟ್ಟದ್ದು. ಅವ್ವ ಒಲೆಯ ಮುಂದಿನಿಂದಲೇ ‘ತಗದು ಒಗೀಬಾರದೇನ, ಏನ್ ಹುಚ್ಚಿ ಇದೀ’ ಎಂದಳು. ಅಪ್ಪ ಅವಳ ಕಡೆ ನೋಡಲಿಲ್ಲ.

‘ಆ ಕಾಗದ ಎಷ್ಟು ದಿವಸ ಇಟ್ಟಿರ್ತಾರ?’

‘ಆ ಮಾತ್ರಿ ಅವಧಿ ಮುಗದು ಮ್ಯಾಲೊಂದು ವರ್ಷ.’

‘ಕೀಲಿ ಹಾಕಿ?’

‘ಕೀಲಿ ಹಾಕಿ.’

‘ಹಂಗಾರ ಭದ್ರ ಐತಿ ಬಿಡು. ಮನ್ಯಾಗ ಇದ್ದಿದ್ರ ನಿಮ್ಮವ್ವ ರೊಟ್ಟಿ ಡಬ್ಬಿ ತಳಕ್ಕ ಹಾಸ್ತಿದ್ಲು.’ ನನ್ನ ಕಡೆ ತಿರುಗಿ, ‘ಏನ್ ಬರದೀ ಅದರಾಗ? ಓದು’ ಎಂದ. ಓದಲು ಹಾಳೆ ಇಲ್ಲವಲ್ಲ, ಬಾಯಲ್ಲೇ ಹೇಳಿದೆ. ಮೂವತ್ತೇಳು, ನಾಲ್ಕು, ಒಂಬತ್ತು ಸಮೇತ. ಕ್ಯಾಪ್ಟನ್ ಮುದುಕಿಯ ನಡಿಗೆ ಬಂದಾಗ ಅಡುಗೆಮನೆಯತ್ತ ಕಣ್ಣು ಹಾಯಿಸಿ ಬಾಯಿಗೆ ಪಂಚೆ ಒತ್ತಿಕೊಂಡು ನಕ್ಕ, ಕೆಮ್ಮು ಬರುವವರೆಗೂ ನಕ್ಕ. ಮತ್ತೆ ದೊಡ್ಡ ಸಹಿಯ ಮಾತೆತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು.

ಭಾನುವಾರ ಕತೆ ಓದುವಾಗ ಒಂದು ಪುಟ ಕಡಿಮೆ ಬಿತ್ತು, ಅದೆಲ್ಲಿ ಎಂದು ಮಕ್ಕಳು ಕೇಳಿದವು.

‘ಅದು ಕಂಪನ್ಯಾಗ ಕೀಲಿಯೊಳಗ ಐತ್ರಪಾ’ ಎಂದೆ.

‘ಯಾವಾಗ ಬಿಡ್ತಾರ್ರಿ?’ ಎರಡು ಜಡೆಯವಳು ಕೇಳಿದಳು.

‘ಮಾತ್ರಿ ಅವಧಿ ಮುಗದ ಮ್ಯಾಲೆ.’

ಇಡೀ ಕತೆಗೆ ನಗದಷ್ಟು ಇದಕ್ಕೆ ನಕ್ಕವು. ನಾನು ತಮಾಷೆ ಮಾಡಿರಲಿಲ್ಲ. ಮತ್ತೆ ಬರೆದುಕೊಡುತ್ತೇನೆ ಎಂದರೆ ಬೇಡವೇ ಬೇಡ ಎಂದವು. ಜೈಲಿಗೆ ಹೋದ ಪುಟವಿರುವ ಕತೆ ಬೇರೆ ಯಾರ ಹತ್ತಿರವೂ ಇಲ್ಲವಂತೆ. ಅವರು ಕೈಯಲ್ಲಿ ಬರೆದು ಹೊಲಿದ ಪುಸ್ತಕದಲ್ಲಿ ಆ ಜಾಗ ಖಾಲಿ ಬಿಟ್ಟರು. ಖಾಲಿ ಬಿಟ್ಟಲ್ಲಿ ಏನು ಮಾಡಬೇಕೆಂದು ನಾನು ತೋರಿಸಿಕೊಟ್ಟೆ. ಓರೆ ಗೆರೆ, ತಾರೀಕು, ಸಣ್ಣ ಸಹಿ. ಹದಿನಾರು ಮಕ್ಕಳೂ ಸಹಿ ಹಾಕಿದವು.

ದೊಡ್ಡ ಸಹಿ ಮೂರು ವರ್ಷ ತಡವಾಗಿ ಬಂತು. ಬಂದ ದಿನ ಹೇಳಿದೆ. ಅಪ್ಪ ‘ಆತಲ್ಲ’ ಎಂದು ತಲೆಯಾಡಿಸಿದ. ಆ ಹೊತ್ತಿಗೆ ಅವನು ಗಂಟು ಹೊರುವುದು ಬಿಟ್ಟು ಹಾಸಿಗೆ ಹಿಡಿದಿದ್ದ. ನಾನು ಬೆಳಗಿನಿಂದ ಸಂಜೆಯವರೆಗೆ ಸಹಿ ಹಾಕುತ್ತಿದ್ದೆ, ಮಣಿಕಟ್ಟು ನೋಯುತ್ತಿತ್ತು. ಆ ಅಧಿಕಾರದ ಜೊತೆಗೇ ಬಂದ ಇನ್ನೊಂದು ಕೆಲಸ ಹಳೆಯ ಫೈಲುಗಳದು: ಅವಧಿ ಮುಗಿದವನ್ನು ಪಟ್ಟಿ ಮಾಡಿ, ಎದುರಿಗೆ ನಿಂತು ಸುಡಿಸಿ, ಸುಟ್ಟದ್ದು ನಿಜ ಎಂದು ಸಹಿ ಹಾಕುವುದು.

ಒಂದು ದಿನ ಆ ಪಟ್ಟಿಯಲ್ಲಿ ನನ್ನ ಫೈಲಿನ ನಂಬರು ಬಂತು. ಕಟ್ಟು ಬಿಚ್ಚಿ ನೋಡಿದೆ. ಹದಿನಾಲ್ಕನೇ ಪುಟ ಹಳದಿಯಾಗಿತ್ತು, ದಾರದ ಬಳಿ ಆ ಕೂದಲೆಳೆಯ ಹರಕು ಹಾಗೇ ಇತ್ತು. ಆ ಗುಮಾಸ್ತರು ನಿವೃತ್ತರಾಗಿದ್ದರು, ‘ತೆಗೆದುಬಿಡೋಣ’ ಎನ್ನುವವರು ಯಾರೂ ಇರಲಿಲ್ಲ. ಮತ್ತೆ ಕಟ್ಟಿದೆ. ಕಾಂಪೌಂಡಿನ ಹಿಂದಿನ ಕುಲುಮೆಗೆ ಅದು ಉಳಿದವುಗಳ ಜೊತೆಯಲ್ಲೇ ಹೋಯಿತು. ಪಟ್ಟಿಯ ಕೆಳಗೆ ಸಹಿ ಹಾಕಿದೆ.

ಮನೆಗೆ ಬಂದಾಗ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಎಷ್ಟೋ ವರ್ಷಗಳ ಮೇಲೆ ಆ ಪ್ರಶ್ನೆ ಬಂತು.

‘ಯವ್ವಾ, ಇವತ್ತು ಯಾವುದಕ್ಕ ಸಹಿ ಮಾಡಿದಿ?’

‘ಮೂವತ್ತೇಳು ರೊಟ್ಟಿಗಪ್ಪ. ಸುಟ್ಟುಬಿಟ್ರು.’

ಅವನು ಕಣ್ಣು ಮುಚ್ಚಿದ. ನಿದ್ದೆ ಹತ್ತಿತೇನೋ ಎಂದುಕೊಂಡು ನಾನು ಚಪ್ಪಲಿ ಬಿಡಲು ಬಗ್ಗಿದೆ.

‘ಮೂವತ್ತೇಳು ಹೆಂಗಾಗ್ತಾವು?’ ಎಂದ. ‘ನಾಕು ಒಡದಿದ್ವು. ಒಂಬತ್ತು ಅವ ತಿಂದಿದ್ದ. ಇಪ್ಪತ್ನಾಕಕ್ಕ ಸಹಿ ಮಾಡಬೇಕಿತ್ತು ನೀ.’